ಕೆರೆ ದಂಡೆಯ ಖಾಲಿ ಜಾಗ

ಮಿಷಿಗನ್ನಿನ ಆ ಸರ್ಕಾರಿ ಪಾರ್ಕಿನ ಗೇಟಿನಲ್ಲಿ, ರಾತ್ರಿ ಟೆಂಟಿನ ಮುಂದೆ ಬೆಂಕಿ ಹಾಕಲು ಸೌದೆ ಕೊಳ್ಳಲು ನಿಂತಿದ್ದ ಗ್ಲೆಂಡಾಳಿಗೆ, ಮುಂದಿದ್ದ ಅಕ್ಕತಂಗಿಯರ ಮಾತು ಕಿವಿಗೆ ಬೀಳುತ್ತಲೇ ಇತ್ತು. ಅಕ್ಕ ಐರಿಸ್ ಊರುಗೋಲು ಹಿಡಿದಿದ್ದಳು. ತಂಗಿ ವರ್ನಾ ಗೇಟಿನ ಕಚೇರಿ ಕಿಟಕಿಯಲ್ಲಿ ವಿಚಾರಿಸಿ ಬಂದು, ಫೋನನ್ನು ಆಕಾಶಕ್ಕೆ ಎತ್ತಿ ಹಿಡಿದಿದ್ದಳು.

“ಅಕ್ಕಾ, ಟೆಂಟ್ ಹಾಕೋ ಜಾಗ ಖಾಲಿ ಇದ್ಯಂತೆ. ಆದ್ರೆ ಇಲ್ಲಿ ಕೊಡಲ್ವಂತೆ.”

“ಖಾಲಿ ಇರೋದು ನಂಗೂ ಕಾಣ್ತಿದೆ. ಮತ್ತೆಲ್ಲಿ ಕೊಡ್ತಾರಂತೆ?”

“ಆನ್‌ಲೈನಲ್ಲೇ ಬುಕ್ ಮಾಡ್ಬೇಕಂತೆ.”

“ಮಾಡು ಮತ್ತೆ.”

“ಇಲ್ಲಿ ನೆಟ್‌ವರ್ಕೇ ಇಲ್ವಲ್ಲ! ವಾಪಸ್ ಪೆಟ್ರೋಲ್ ಬಂಕಿನ ತನಕ ಹೋಗ್ಬೇಕು.”

“ಕಣ್ಣೆದುರಿಗಿರೋ ಜಾಗ ಕೇಳೋಕೆ ಅಲ್ಲೀ ತನಕ ಹೋಗ್ಬೇಕಾ? ಇವರಿಗೇನು ತಲೆ ಕೆಟ್ಟಿದ್ಯಾ?”

“ನಂಗೂ ಒಂದೂ ಅರ್ಥ ಆಗ್ತಿಲ್ಲ ಕಣಕ್ಕಾ. ಬಾ, ಕಾರು ಹತ್ತು.”

“ನೀನು ಹೋಗು. ನಾನಿಲ್ಲೇ ಕೂತಿರ್ತೀನಿ.”

“ಅಷ್ಟರಲ್ಲಿ ಬೇರೆ ಯಾರಾದ್ರೂ ಬುಕ್ ಮಾಡಿಬಿಟ್ರೆ?”

“ಮಾಡ್ಲಿ ಬಿಡೇ. ಬೇಸಿಗೆಯೆಲ್ಲಾ ಆಸ್ಪತ್ರೆ ಗೋಡೆ ನೋಡಿದ್ದಾಯ್ತು. ನೀನು ಬರೋ ತನಕನಾದ್ರೂ ಕೆರೆ ನೋಡ್ತೀನಿ.”

ವರ್ನಾ ಕಾರಿನಿಂದ ಮಡಚುವ ಕುರ್ಚಿ ತೆಗೆದು, ಆ ಖಾಲಿ ಜಾಗದಲ್ಲಿ ನೀರಿನ ಕಡೆ ಮುಖ ಮಾಡಿ ಹಾಕಿ ಬಂದಳು. ಆಮೇಲೆ ಕಾರು ಬಂದ ದಾರಿಗೇ ತಿರುಗಿತು. ಐರಿಸ್ ಊರುಗೋಲೂರುತ್ತ ಕುರ್ಚಿಯ ಕಡೆ ನಡೆದಳು.