ಒಳಚಿಲಕ

ಬ್ಯಾಡ ಅಂದ್ರ ಹ್ಯಾಂಗವ್ವ ಪೂನಮ? ಎರಡು ಕಿಲೋನೂ ಇಲ್ಲ ಈ ಡಬ್ಬಿ, ನಾನೇ ತೂಗಿ ಕಟ್ಟೀನಿ. ನಿಮ್ಮಪ್ಪಗ ಹೇಳಿ ಕರಸೀನಿ, ಬಸವಕಲ್ಯಾಣದಿಂದ ಮೊದಲ್ನೇ ಬಸ್ಸು ಹಿಡಿದು ಹುಮನಾಬಾದಿಗಿ ಬಂದಿ, ಈಗ ಬಾಗಲದಾಗೇ ನಿಂತು ಒಲ್ಲೆ ಅಂದ್ರ ಈ ಮಹಾರುದ್ರಪ್ಪನ ಅಂಗಡಿಗಿ ಏನು ಮಾನ ಉಳೀತು? ಕುಂಡ್ರು. ಆ ತೊಗರಿ ಚೀಲದ ಮ್ಯಾಲೇ ಕುಂಡ್ರು. ಅಡತಿ ಅಂಗಡ್ಯಾಗ ಕುರ್ಚಿಕಿಂತ ಚೀಲ ಮೆತ್ತಗಿರ್ತದ.

ನಗಲಿಲ್ಲಲ್ಲ. ಇದೇ ಮಾತಿಗಿ ಬಿದ್ದು ಬಿದ್ದು ನಕ್ಕಿದ್ರಿ ನೀವು, ನೀನೂ ನನ್ನ ಸೋನಾಲೀನೂ, ಕಿರ್ಗಿಸ್ತಾನಕ್ಕ ಹೊರಟ ದಿನ. ಆವತ್ತು ನೀ ಏನಂದಿದ್ದಿ, ನೆನಪದ ಏನು? ‘ಕಾಕಾ, ಒಂದೇ ಖೋಲಿ, ಒಂದೇ ಕಾಲೇಜು, ಫಿಕರ್ ಮಾಡಬ್ಯಾಡ್ರಿ, ಇಬ್ರೂ ಡಾಕ್ಟರಾಗೇ ಬರ್ತೀವಿ’ ಅಂದಿದ್ದಿ. ಆವತ್ತಿಂದ ನಾ ಫಿಕರ್ ಮಾಡೋದೇ ಬಿಟ್ಟೆ.

ನಿಮ್ಮಣ್ಣನ ಲಗ್ನ ಛಲೋ ಆತಂತ. ನನಗ ಬರಾಕ ಆಗಲಿಲ್ಲವ್ವ, ತೊಗರಿ ಬರೋ ಹೊತ್ತು. ಸೋನಾಲಿ ಅಲ್ಲಿಂದ ನಿನ್ನ ಜೋಡಿ ಬರ್ತೀನಿ ಅಂದ್ಳು, ನಾನೇ ಬ್ಯಾಡ ಅಂದೆ. ಬಂದ್ಳಂದ್ರ ಅಕಿನ ಗೊತ್ತು ಮಾಡಿದ ನಿಮ್ಮೂರಿನ ಬೀಗರು ಸುಮ್ಕ ಬಿಡ್ತಾರೇನು? ಎರಡು ದಿನ ಮನ್ಯಾಗ ಇಟಗೋತೀವಿ ಅಂತಾರ. ಲಗ್ನಕಿಂತ ಮೊದಲು ಹುಡುಗಿ ಅಲ್ಲಿ ಹೋಗಿ ಮಲಗೋದು ನಮ್ಮಾಗ ಛಲೋ ಕಾಣಂಗಿಲ್ಲ. ಕಿಲ್ಲೇದ ಹತ್ರ ಅಂಥಾ ಬಟ್ಟಿ ಅಂಗಡಿ, ಒಬ್ಬನೇ ಮಗ ಮಹೇಶಕುಮಾರ, ಅವರೇ ಕೇಳಿಕೊಂಡು ಬಂದ ಸಂಬಂಧ. ಅಲ್ಲಿ ನಿಮ್ಮ ಖೋಲಿ ಕೆಳಗ ಇರ್ತಾನಲ್ಲ ನಿಮ್ಮ ಕಾಲೇಜಿನ ಅಂಬರೀಷ, ಬೀಗರ ಸೋದರಳಿಯ, ಅವನೇ ಹುಡುಗಿ ಶಾಣ್ಯಾಕಿ ಅದಾಳ ಅಂತ ಅವರಿಗಿ ಹೇಳಿದಾವ.

ಇರಲಿ, ಮಾತು ಎಲ್ಲೋ ಹೋತು. ಡಬ್ಬಿ ನೋಡು. ಮ್ಯಾಲ ಶೇಂಗಾ ಹಿಂಡಿ, ಅದರ ಕೆಳಗ ಅಗಸಿ ಹಿಂಡಿ, ನಿಮ್ಮ ಕಾಕು ತುಳಜಾಬಾಯಿ ನಿನ್ನಿ ಕುಟ್ಟ್ಯಾಳ. ತಳಕ್ಕ ಒಂದು ಸಣ್ಣ ಶೀಶೆ ಅದ. ತಾಕತ್ತಿನ ಗುಳಿಗಿ. ವಿಮಾನದವರು ಕೇಳಿದ್ರ ಹಿಂಡಿ ಅನ್ನು, ಗುಳಿಗಿ ಮಾತು ತಗೀಬ್ಯಾಡ. ಮಂಗಳವಾರ ಹೋಗಿ ಇಳಿದಕೂಡ್ಲೆ ಅಕಿ ಕೈಯಾಗ ಕೊಡು.

ಈಗ ಯಾಕ ತಗೀತಿ? ಕೈಯೆಲ್ಲ ಹಿಂಡಿ ಆಗ್ತದ... ತಗದೇಬಿಟ್ಟಿ. ಶೀಶೆ ಮ್ಯಾಲ ವಿಟಮಿನ್ ಅಂತ ಬರದದ್ದು ಕಾಣಂಗಿಲ್ಲೇನು? ಒಂದು ಗುಳಿಗಿ ಅಂಗೈಮ್ಯಾಲ ಇಟಗೊಂಡು ಅಷ್ಟು ಹೊತ್ತು ಏನು ನೋಡಾಕತ್ತಿ? ನಾನೂ ಕಾಳು ಹಂಗೇ ನೋಡ್ತೀನಿ, ಹೊರಳಿಸಿ, ಬೆಳಕಿಗಿ ಹಿಡಿದು. ಮೂರನೇ ವರ್ಷದ ಡಾಕ್ಟರಣಿ ಮುಂದ ನಾ ಏನು ಹೇಳಲಿ. ತಾಕತ್ತಿಂದೇ ಅದು. ಅಕಿ ಮೊದಲಿಂದ ಅಶಕ್ತ.

ಮತ್ತ ಜರಾ ಅಕಿನ ನೋಡಕೋ. ರಾತ್ರಿ ಉಪವಾಸ ಮಲಗಾಕ ಬಿಡಬ್ಯಾಡ. ಪರೀಕ್ಷಿ ಅಂತ ನಿದ್ದಿ ಕೆಡಾಕ ಬಿಡಬ್ಯಾಡ. ರಜಾದಾಗ ಎಲ್ಲಾರೂ ಕೆರಿ ನೋಡಾಕ ಹೋಗ್ತೀರಂತಲ್ಲ, ನೀರಿಗಿ ಇಳಿಯಾಕ ಬಿಡಬ್ಯಾಡ. ಹಾಂ, ಸ್ನಾನಕ್ಕ ಹೋದಾಗ ಬಚ್ಚಲ ಬಾಗಲ ಬರೇ ಮುಂದ ಮಾಡ್ಕೋ ಅನ್ನು, ಒಳಚಿಲಕ ಹಾಕಬಾರದು. ಇರೋರೇ ಇಬ್ಬರು, ಚಿಲಕ ಯಾಕ ಬೇಕು?

ಹೂಂ ಅನ್ನವ್ವ.

ಯಾಕ ಸುಮ್ಕ ಕುಂತಿ? ಇಷ್ಟು ಹೇಳಿದ್ರ ಯಾರರ ‘ಯಾಕ ಕಾಕಾ’ ಅಂತ ಒಂದು ಮಾತು ಕೇಳ್ತಿದ್ರು. ಚಿಲಕ ಯಾಕ ಹಾಕಬಾರದು? ನೀರಿಗಿ ಯಾಕ ಇಳೀಬಾರದು? ಚೀಲಕ್ಕ ಸೂಜಿ ಚುಚ್ಚಿ ನಾಕು ಕಾಳು ತಗದು ನೋಡದ ಗಿರಾಕೀನ ನಾ ಇನ್ನತನಕ ಕಂಡಿಲ್ಲ. ಕೇಳಿದ್ರ ಹೇಳ್ತೀವಿ, ಕೇಳದಿದ್ರ ಕೊರತಿ ನಾವಾಗೇ ಹೇಳಂಗಿಲ್ಲ, ನಮ್ಮ ಧಂದೇನೇ ಹಂಗ. ಒಂದೂ ಸವಾಲು ಕೇಳದಾವ ಬಂದಾನ ಅಂದ್ರ ಅವಗ ಮಾಲಿನ ಹಕೀಕತ್ ಮೊದಲೇ ಗೊತ್ತದ ಅಂತ ಅರ್ಥ.

ನೀ ನೋಡೀದಿ.

ಹೌದಿಲ್ಲೊ? ಅಕಿ ಬಾಯಿ ಬಿಟ್ಟಿರಂಗಿಲ್ಲ, ಅವರವ್ವನ ಮ್ಯಾಲ ಆಣಿ ಮಾಡಿಸೀನಿ. ನೀನೇ ಕಣ್ಣಾರೆ ನೋಡೀದಿ. ಬಚ್ಚಲದಾಗೇ ಬಿದ್ದಿದ್ಳು? ಒಳಚಿಲಕ ಹಾಕಿತ್ತು... ಒಬ್ಬಾಕಿನೇ ಒದ್ದು ತಗದಿ? ಆ ಮುಂಗೈ ಮ್ಯಾಲಿನ ಗಾಯ ಲಗ್ನದಾಗ ಬಳಿ ಒಡದು ಹತ್ತಿದ್ದು ಅಂತ ತಿಳದಿದ್ದೆ ನಾ. ಸಪ್ಪಳ ಅಂಬರೀಷಗ ಕೇಳಿಸ್ತೇನು? ಇಲ್ಲಲ್ಲ. ಊರಾಗ ಯಾರ ಮುಂದರ ಅಂದಿ? ನಿಮ್ಮಪ್ಪನ ಮುಂದ? ಅಂದಿಲ್ಲ. ಶಾಣ್ಯಾಕಿ.

ಹಂಗ ನೋಡಬ್ಯಾಡ. ಮೊದಲು ಮಗಳು ಹ್ಯಾಂಗದಾಳ ಅಂತ ಕೇಳಬೇಕಿತ್ತು, ಗೊತ್ತದ ನನಗ.

ಫಿಟ್ಸ್ ಬರ್ತಾವ ಅಕಿಗಿ. ಸಾಲಿಗಿ ಹೋಗೋವಾಗಿಂದ. ಗುಳಿಗಿ ತಗೊಂಡ್ರ ವರ್ಷಾನುಗಟ್ಟಲೆ ಒಂದೂ ಬರಂಗಿಲ್ಲ. ಕಾಲೇಜಿಗಿ ಕಳಸೋ ಏಜೆಂಟ ‘ಹುಡುಗಿಗಿ ಏನರ ಕಾಯಿಲಿ ಅದ ಏನ್ರಿ’ ಅಂತ ಕೇಳಿದ, ನಾ ಇಲ್ಲ ಅಂದೆ. ಬಾಜೂಕ ಅಂಬರೀಷನ ಅಪ್ಪ ಕುಂತಿದ್ದ. ಹೌದು ಅಂದಿದ್ರ ಸಂಜಿಮುಂದ ಊರೆಲ್ಲ ಆಗ್ತಿತ್ತು. ಬೀಗರಂತೂ ಕೇಳಲೇ ಇಲ್ಲ, ನಾ ಹೇಳಲಿಲ್ಲ. ಅಲ್ಲಿಯ ದವಾಖಾನಿಗಿ ಹೋದ್ರ ಕಾಲೇಜಿಗಿ ಗೊತ್ತಾಗ್ತದ, ಕಾಲೇಜಿಗಿ ಆದ್ರ ಅಂಬರೀಷಗ. ಅದಕ್ಕ ಇಲ್ಲಿಂದೇ ಗುಳಿಗಿ ಕಳಸ್ತೀನಿ.

ಬೆರಳು ಮಡಚಿ ಏನು ಎಣಸಾಕತ್ತಿ? ದೀಪಾವಳಿಗಿ ಒಯ್ದ ಎರಡೇ ತಿಂಗಳಿನ ಗುಳಿಗಿ ಇಲ್ಲಿತನಕ ಹ್ಯಾಂಗ ಬಂದಾವ ಅಂತ?

ನಾನೇ ಹೇಳಿದೆ. ಒಂದಿನ ಬಿಟ್ಟು ಒಂದಿನ ತಗೋ ಅಂತ. ಮಾಲು ಮುಗಿಯಾಕ ಬಂದಾಗ ಅಂಗಡ್ಯಾಗ ಹಂಗೇ ಮಾಡ್ತೀವಿ, ಹೊಸಾದು ಬರೋತನಕ ಸ್ವಲ್ಪ ಸ್ವಲ್ಪ ಬಿಡ್ತೀವಿ. ತೊಗರಿಗಿ ನಡೀತದ. ಇದಕ್ಕ ನಡಿಯಂಗಿಲ್ಲ ಅಂತ ನನಗ ಯಾರು ಹೇಳಬೇಕಿತ್ತು? ಯಾರನ್ನ ಕೇಳಬೇಕಿತ್ತು ನಾ? ಕೇಳಾಕ ಹೋದ್ರ ಮೊದಲು ಕಾಯಿಲಿ ಹೆಸರು ಹೇಳಬೇಕಾಗ್ತದ.

ಆಗಿದ್ದು ಆತು. ಈಗ ಗುಳಿಗಿ ಅದಾವ, ದಿನಾ ತಗೋತಾಳ. ನೀನೂ ಬಾಜೂಕಿರ್ತಿ. ನಿನ್ನಂಥಾಕಿ ಜೋಡಿ ಇದ್ದ ಮ್ಯಾಲ...

ಡಬ್ಬಿ ಯಾಕ ಹಿಂದಕ್ಕ ದೂಡತಿ?

ಪೂನಮ. ಖೋಲಿ ಬಿಟ್ಟಿ ಏನು ನೀ?

ಊರಿಗಿ ಬರೋಕಿಂತ ಮೊದಲೇ? ಅಂಜಿದಿ. ಅಂಜಾಕೇಬೇಕು, ಹೇಳದ ಕೇಳದ ನಿನ್ನ ಕೊರಳಿಗಿ ಕಟ್ಟಿದೆ ನಾ. ನಿನ್ನ ಮ್ಯಾಲ ಸಿಟ್ಟಿಲ್ಲವ್ವ, ಅಳಬ್ಯಾಡ. ಆದ್ರ ಅಕಿ ನಿನ್ನಿ ಫೋನಿನ್ಯಾಗ ಒಂದು ಮಾತರ ಅಂದ್ಳೇನು? ‘ಪೂನಮ ಮಂಗಳವಾರ ಬರ್ತಾಳಪ್ಪ’ ಅಂದ್ಳು. ಬರ್ತಾಳ ಅಂದ್ಳು, ಯಾವ ಖೋಲಿಗಿ ಅಂತ ನಾ ಕೇಳಲಿಲ್ಲ. ಕೇಳದಿದ್ರ ಅಕಿ ಹೇಳಂಗಿಲ್ಲ. ನನ್ನ ಮಗಳು.

ಹಂಗಾರ ಈಗ ಅಲ್ಲಿ ಒಬ್ಬಾಕಿನೇ.

ತಡಿ, ಫೋನ್ ಹಚ್ಚತೀನಿ. ಅಲ್ಲಿ ನಮಗಿಂತ ಅರ್ಧ ತಾಸು ಮುಂದ, ಕಾಲೇಜಿಗಿ ತಯಾರಾಗೋ ಹೊತ್ತು... ರಿಂಗ್ ಆಗಾಕತ್ತದ. ಎತ್ತವಲ್ಲಳು. ಸ್ನಾನಕ್ಕ ಹೋಗಿರಬೇಕು.

ಸ್ನಾನಕ್ಕ ಹೋಗಿರಬೇಕು ಅಂದೆ, ಅಷ್ಟೇ. ಮಾರಿ ಯಾಕ ಹಂಗ ಮಾಡ್ತಿ? ಆ ಚಿಲಕ ತಿರುಗಿ ಹಾಕಿಸಿದ್ರೇನು?... ಹಾಕಿಸಿದ್ರಿ.

ನೀ ಯಾರಿಗಿ ಹಚ್ಚಾಕತ್ತಿ? ಅಂಬರೀಷಗ? ಬ್ಯಾಡ. ಇಡು ಅದನ್ನ. ಅವ ಮ್ಯಾಲ ಹೋಗಿ ಬಾಗಲ ಬಡದ್ರ ಸಂಜಿ ಅನ್ನೋದ್ರಾಗ ಬೀಗರಿಗಿ ಖಬರ್ ಮುಟ್ಟತದ. ಸ್ವಲ್ಪ ತಡಿ, ಹೊರಗ ಬಂದು ತಾನೇ ಹಚ್ಚತಾಳ. ನಾ ಇನ್ನೊಮ್ಮಿ ಮಾಡಿ ನೋಡ್ತೀನಿ... ಇಲ್ಲ.

ನನ್ನ ಹತ್ರ ಇನ್ನೊಂದು ನಂಬರ್ ಅದ. ಸೋನಾಲಿ ಹೋಗೋವಾಗ ‘ಅರ್ಜೆಂಟ್’ ಅಂತ ಹಾಕಿಕೊಟ್ಟಿದ್ಳು. ‘ಅಪ್ಪಾ, ನಾ ಎತ್ತದಿದ್ರ ಇದಕ್ಕ ಹಚ್ಚು, ಇದು ಎಂದೂ ನನ್ನ ಬಾಜೂಕೇ ಇರ್ತದ’ ಅಂದಿದ್ಳು. ಎಲ್ಲಿತ್ತಪ್ಪ... ಹಾಂ, ಇಲ್ಲದ. ಮೊದಲೇ ನೆನಪಾಗಬೇಕಿತ್ತು ನನಗ. ಹಚ್ಚೀನಿ ನೋಡು. ಹೊಂಟದ... ರಿಂಗ್ ಆಗಾಕತ್ತದ...

ನಿನ್ನ ಕೈಯಾಗಿನ ಫೋನ್ ಯಾಕ ಬಡಕೊಳ್ಳಾಕತ್ತದವ್ವ?

ಅಂಬರೀಷಗೇ ಹಚ್ಚು. ಚಿಲಕ ಮುರಿ ಅನ್ನು.