ಟಾರ್ಪಾಲಿನ ಹಿಡಿಕೆ

ಪೇಟೆಂಟ್ ಕಚೇರಿಯ ಬೆಂಚಿನಲ್ಲಿ ಸರದಿ ಕಾಯುತ್ತಿದ್ದ ದರ್ಜಿಯ ಕಿವಿಯೆಲ್ಲ ಪಕ್ಕದಲ್ಲಿ ಕೂತಿದ್ದ ಲಾರಿ ಗ್ಯಾರೇಜಿನ ಯಜಮಾನ ಮತ್ತು ಅವನ ಭಾವಮೈದನ ಮಾತಿನ ಮೇಲೇ ಇತ್ತು.

“ಹಿಡಿಕೆ ತಿರುಗಿಸಿದ್ರೆ ಲೋಡಿನ ಮೇಲೆ ಟಾರ್ಪಾಲು ಹಾಸ್ಕೊಳ್ಳುತ್ತಂತೆ. ಥೂ, ಇದಕ್ಕೊಂದು ಪೇಟೆಂಟು! ಯಾವನೋ ಕಿಟಕಿ ಪರದೆ ಸುತ್ತೋ ಕೋಲಿಗೆ ಅಂಗಡಿ ಶಟರಿನ ಹಿಡಿಕೆ ಸಿಕ್ಕಿಸಿದ್ದಾನೆ. ಎರಡೂ ನಮ್ಮಜ್ಜನ ಕಾಲದವು!”

“ಅದು ರದ್ದಾಗದಿದ್ರೆ ನಾವು ಮಾಡಿ ಮಾರೋ ಹಾಗಿಲ್ಲ ಭಾವ. ಗ್ಯಾರೇಜಿಗೆ ಬೀಗವೇ.”

“ಯಾವ ಪೆದ್ದನಿಗಾದ್ರೂ ಹೊಳೆಯೋ ವಿಷಯ ಅಂತ ಒಳಗಿರೋ ಸಾಹೇಬರಿಗೆ ಮುಖಕ್ಕೆ ಹೊಡೆದ ಹಾಗೆ ಹೇಳ್ತೀನಿ.”

“ಜೀವಮಾನವೆಲ್ಲ ಲಾರಿ ಹತ್ತಿ ಹಗ್ಗ ಬಿಗಿದ್ರಲ್ಲ, ನಿಮಗ್ಯಾಕೆ ಹೊಳೀಲಿಲ್ಲ ಅಂತ ಕೇಳಿದ್ರೆ?”

“ನೀನು ಯಾರ ಕಡೆಯೋ, ಮುಠ್ಠಾಳ?”

ಒಳಗಿನಿಂದ ಕರೆ ಬಂತು. ಇಬ್ಬರೂ ಎದ್ದರು.

“ಕುಂಟ್ಬೇಡಿ ಭಾವ. ಟಾರ್ಪಾಲು ಕಟ್ಟೋಕೆ ಹತ್ತಿ ಬಿದ್ದ ಕಾಲು ಅಂತ ಗೊತ್ತಾದ್ರೆ ನಮ್ಮ ವಾದ ಅಲ್ಲೇ ಮಗುಚ್ಕೊಳ್ಳುತ್ತೆ.”

ಯಜಮಾನ ಎದೆಯುಬ್ಬಿಸಿ ನೆಟ್ಟಗೆ ಹೊರಟ. ಬಾಗಿಲು ಮುಟ್ಟುವ ಮೊದಲೇ ಕಾಲು ಎಳೆಯತೊಡಗಿತು.