ಮೊಲದ ಕಣ್ಣು

ಅಲ್ಲಿ ಕಾಲಿಡಬೇಡ, ಅಂಟು! ಮೈದಾ ಅಂಟು... ಎರಡು ಸಲ ಒರೆಸಿದೀನಿ, ಹಾಳಾದ್ದು ಇನ್ನೂ ಜಿಗಿಜಿಗಿ ಅಂತಿದೆ. ನಗಬೇಡ ಕಣೆ. ಬೆಳಿಗ್ಗೆ ನೀನು ಬ್ಯಾಗು ನೇತುಹಾಕ್ಕೊಂಡು ಅಂಗಡಿ ಕೆಲಸಕ್ಕೆ ಹೊರಟ್ಬಿಟ್ಟೆ, ರಜಾ ಅಲ್ವಾ, ಅಪ್ಪ ಮಕ್ಕಳು ಸೇರಿ ಮುಖವಾಡ ಮಾಡಿ ಅಂತ ಸಲೀಸಾಗಿ ಹೇಳ್ಬಿಟ್ಟೆ. ಒಂದಿನ ಮಾಡಿ ನೋಡು, ಆಗ ಗೊತ್ತಾಗತ್ತೆ.

ದೊಡ್ಡೋನಿಗೆ ಹುಲೀನೇ ಬೇಕಂತೆ. ಬಲೂನಿನ ಮೇಲೆ ಪೇಪರ್ ಚೂರು ಮೆತ್ತಿ ಇಟ್ಟಿದ್ರೆ, ಒಣಗೋ ಮುಂಚೇನೇ ಸೂಜಿ ಚುಚ್ಚಿಬಿಟ್ಟ. ಹುಲಿ ಹೋಗಿ ಬಾಡಿದ ಬದನೆಕಾಯಿ ಆಯ್ತು. ಅದಕ್ಕೊಂದು ರಂಪ. ಸಣ್ಣೋಳದು ಮೊಲ, ರಟ್ಟಿಂದು. ಅದರ ಕಣ್ಣು ನಾನೇ ಕೊರೆದೆ, ನನ್ನ ಮುಖಕ್ಕೆ ಹಿಡಿದು ಗುರುತು ಹಾಕಿ, ಚೂರೂ ಸೊಟ್ಟ ಆಗದ ಹಾಗೆ. ಕಿವಿ ನೋಡು, ಎಷ್ಟು ನೆಟ್ಟಗೆ ನಿಂತಿದೆ.

ಮೂಲೇಲಿ ಯಾಕೆ ಕೂತಿದಾಳೆ ಅಂದ್ರೆ... ಕೂತಿದಾಳೆ ಅಷ್ಟೆ. ಮುಖವಾಡ ತೆಗಿ ಅಂದ್ರೆ ತೆಗೆಯಲ್ಲ. ಬಿಸ್ಕತ್ತೂ ಅದನ್ನ ಚೂರು ಎತ್ತಿಕೊಂಡೇ ತಿಂದ್ಲು. ಎಲ್ಲ ನಿನ್ನ ಹಠಾನೇ ಬಂದಿದೆ.

ಅಂಟಿನ ಪಾತ್ರೆನಾ? ಅದು... ಇವಳೇ ಬೀಳಿಸಿದ್ಲು. ಎದುರಿಗೇ ಇತ್ತು, ಕಣ್ಣಿಗೆ ರಾಚೋ ಹಾಗೆ. ನಿಲ್ಲು, ನಿಲ್ಲು ಅಂತ ನಾನು ಕೂಗ್ತಾನೇ ಇದೀನಿ, ಇವಳು ಸೀದಾ ನಡ್ಕೊಂಡು ಬಂದು ಒದ್ದೇ ಬಿಟ್ಲು. ಚಾಪೆ ಮೇಲೆ ಅಂಟು, ನನ್ನ ಲ್ಯಾಪ್‌ಟಾಪ್ ಮೇಲೆ ಅಂಟು. ಬೈದೆ. ಇನ್ನೇನು, ಮುದ್ದು ಮಾಡ್ಲಾ? ಬೈದೆ ಅಷ್ಟೆ.

ದೊಡ್ಡೋನ ಮುಖ ಯಾಕೆ ನೋಡ್ತೀಯ? ಅವನಿಗೇನು ಗೊತ್ತು...

ತೆಗೀಬೇಡ. ಹಾಕ್ಕೊಂಡಿರ್ಲಿ ಬಿಡೆ. ಅವಳು ಮಲಗಿದ ಮೇಲೆ ನಾನೇ... ಬೇಡ ಅಂದೆನಲ್ಲ! ತೆಗೆದೇಬಿಟ್ಟೆಯಾ...

...

ಹಾಗೆ ನೋಡಬೇಡ. ಬೇಕಾದ್ರೆ ಬೈ. ಮುಖವಾಡ ಮೇಲೆತ್ತಿ ಒಂದೇ ಏಟು ಕಣೆ. ತಲೆ ಕೆಟ್ಟುಹೋಗಿತ್ತು. ಕೆನ್ನೆ ಮೇಲೆ ಬೆರಳು ಇಷ್ಟು ಕೆಂಪಗೆ ಮೂಡತ್ತೆ ಅಂತ ನಾನು...

ಮತ್ತೆ ಯಾಕೆ ಆ ಮುಖವಾಡಾನ ಅವಳ ಮುಖಕ್ಕೆ ಹಿಡೀತೀಯ? ಏನು ತೋರಿಸ್ತಿದೀಯ? ತೂತಾ?

ಅಯ್ಯೋ... ಎರಡೂ ತೂತು ಹಣೆ ಮೇಲೆ ಕೂತಿವೆಯಲ್ಲೇ. ಅವಳ ಕಣ್ಣಿಗೆ ಬರೀ ರಟ್ಟು. ಏನೂ ಕಾಣ್ತಿರಲಿಲ್ಲ ಅವಳಿಗೆ. ನಾನು ಕೂಗ್ತಿದ್ದೆನಲ್ಲ... ನನ್ನ ದನಿ ಬಂದ ಕಡೆಗೇ ನಡ್ಕೊಂಡು ಬಂದಿದೆ ಕಣೆ ಮಗು.